ನಾಲ್ಕು ಬೆರಳಿನ ಜಾಗ

ಟಕ್.

ಒಂದೇ ಸಲ. ಲಾರಿಯ ಮುಂದಿನ ಎಡಚಕ್ರ ಶೆಡ್ಡಿನ ಎದುರಿನ ಚರಂಡಿ ಚಪ್ಪಡಿಯನ್ನು ಹತ್ತಿ ಇಳಿಯುವಷ್ಟರಲ್ಲಿ, ಎಂಜಿನ್ನಿನ ಗುಡುಗಿನ ಅಡಿಯಲ್ಲೆಲ್ಲೋ, ಮುಚ್ಚಿದ ಬಾಗಿಲನ್ನು ಒಳಗಿನಿಂದ ಯಾರೋ ಬೆರಳ ಗೆಣ್ಣಿನಲ್ಲಿ ತಟ್ಟಿದ ಹಾಗೆ.

"ಕೇಳಿಸ್ತಾ?" ಎಂದ ಮೇಸ್ತ್ರಿ.

"ಏನು?" ಎಂದಳು ಸ್ಟಿಯರಿಂಗ್ ಹಿಡಿದಿದ್ದ ಅವನ ಅಕ್ಕ.

"ಟಕ್ ಅಂತ."

"ನಿನ್ನ ಕಿವೀಲಿ ಹುಟ್ಟಿದಾಗಿಂದ ಏನಾದ್ರೂ ಒಂದು ಟಕ್ ಅಂತಾನೇ ಇದೆ. ಸುಮ್ನೆ ಕೂತ್ಕೊಳೋ. ಎಷ್ಟು ಕಾಲ ಆಯ್ತು ನಾನು ಗೇರ್ ಹಾಕಿ!"

ಲಾರಿ ಬೀದಿಗಿಳಿಯಿತು. ಅಂಗಡಿಗಳ ಸಾಲು ದಾಟಿತು, ಶಾಲೆಯ ಗೋಡೆ ದಾಟಿತು, ನೀರಿನ ಟ್ಯಾಂಕಿನ ಏರು ಹತ್ತಿತು. ಖಾಲಿ ಮೈದಾನದಲ್ಲಿ ಅಕ್ಕ ಮುಂದಿನ ಚಕ್ರಗಳಿಗೂ ಬಲ ಕೊಡುವ ಗಿಡ್ಡ ಲಿವರನ್ನು ಎಳೆದು, ಮರಳಿನಲ್ಲಿ ಒಂದು ಸುತ್ತು ಹಾಕಿ, ಹುಡುಗಿಯಂತೆ ನಕ್ಕಳು. ಎಲ್ಲೂ ಮತ್ತೆ ಆ ಸದ್ದಿಲ್ಲ. ಮೇಸ್ತ್ರಿ ಮಾತ್ರ ಕಿಟಕಿಯಿಂದ ತಲೆ ಹೊರಗೆ ಹಾಕಿ, ಒಳಗೆ ಎಳೆದುಕೊಂಡು, ಕಾಲ ಕೆಳಗಿನ ತಗಡಿಗೆ ಅಂಗೈ ಒತ್ತಿ, ಮತ್ತೆ ತಲೆ ಹೊರಗೆ ಹಾಕಿ, ದಾರಿಯುದ್ದಕ್ಕೂ ಒಂದು ಕ್ಷಣ ನೆಟ್ಟಗೆ ಕೂರಲಿಲ್ಲ.

ವಾಪಸು ಬಂದಾಗ ಅಕ್ಕ ಲಾರಿಯನ್ನು ಒಳಗೆ ತರದೆ ಬೀದಿಯ ಬದಿಯಲ್ಲೇ ನಿಲ್ಲಿಸಿ, ಕೆಳಗೆ ಹಾರಿ, ಬಾನೆಟ್ಟಿನ ಮೇಲೆ ಎರಡು ಏಟು ತಟ್ಟಿದಳು. "ಕುದುರೆ ಕಣೋ ಇದು!"

ಶೆಡ್ಡಿನ ಮೂಲೆಯಲ್ಲಿ ವೆಲ್ಡಿಂಗ್ ಮಾಡುತ್ತಿದ್ದ ಭಾವ, ಅಂದರೆ ಅಕ್ಕನ ಗಂಡ, ಮುಖದ ಮೇಲಿನ ಕವಚ ಎತ್ತಿದ. ಅವನು ಕೂರುತ್ತಿದ್ದದ್ದು ಯಾವುದೋ ಗೋದಾಮಿನ ಕಟ್ಟೆಯಿಂದ ಕಿತ್ತು ಬಂದ ದಪ್ಪ ರಬ್ಬರ್ ದಿಂಡಿನ ಮೇಲೆ. ಅದನ್ನು ಬಿಟ್ಟು ಏಳುವುದೆಂದರೆ ಅವನಿಗೆ ಆಗದ ಮಾತು. "ಕುದುರೆನೋ ಕತ್ತೆನೋ, ಬಾನೆಟ್ ಮುಚ್ಚಿದೆಯಲ್ಲ, ನನಗೆ ಅಷ್ಟು ಸಾಕು," ಎಂದ.

"ನಾಳೆ ಬೆಳಿಗ್ಗೆ ಬೆಟ್ಟದ ಕೆಲಸದ ಗೇಟಲ್ಲಿ ಗಾಡಿ ನಿಂತಿರತ್ತೆ ಅಂತ ಅಲ್ಲಿನ ಮೇಲ್ವಿಚಾರಕನಿಗೆ ಹೇಳಿ ಬರ್ತೀನಿ," ಅಕ್ಕ ಕೀಯನ್ನು ತಮ್ಮನ ಜೇಬಿಗೆ ತುರುಕಿದಳು. "ಎಣ್ಣೆ ಗಿಣ್ಣೆ ನೋಡಿಡು. ಸಂಜೆ ಬಂದು ತಗೊಂಡು ಹೋಗ್ತೀನಿ. ಮುಖ ಯಾಕೆ ಹಾಗಿಟ್ಕೊಂಡಿದೀಯ?"

"ಟಕ್ ಅಂದಿದ್ದು ನಿಜ ಅಕ್ಕ."

"ಟೂಲ್ ಡಬ್ಬ ಇರ್ಬೇಕು," ಎಂದು ಅವಳು ಹೊರಟೇ ಹೋದಳು.

ಮೇಸ್ತ್ರಿ ಕ್ಯಾಬಿನ್ನಿಗೆ ಹತ್ತಿ ನೋಡಿದ. ಟೂಲ್ ಡಬ್ಬ ಗಾಡಿಯಲ್ಲಿರಲೇ ಇಲ್ಲ. ಭಾವನ ಕಾಲ ಹತ್ತಿರ, ಶೆಡ್ಡಿನಲ್ಲಿತ್ತು.

ಅವನನ್ನು ಎಲ್ಲರೂ ಕರೆಯುತ್ತಿದ್ದುದು ರಟ್ಟು ಮೇಸ್ತ್ರಿ ಎಂದು. ಯಾವ ಕಬ್ಬಿಣವನ್ನೂ ಮೊದಲು ರಟ್ಟಿನಲ್ಲಿ ಕತ್ತರಿಸಿ ನೋಡದೆ ಅವನು ಮುಟ್ಟುತ್ತಿರಲಿಲ್ಲ. ರಟ್ಟು ಜಾಗದಲ್ಲಿ ಕೂತರೆ ಕಬ್ಬಿಣವೂ ಕೂರುತ್ತದೆ. ರಟ್ಟು ಒಪ್ಪದಿದ್ದರೆ ಕತ್ತರಿ ಮತ್ತೆ ಕೈಗೆ. ಇದು ಬೇರೆ ಮೇಸ್ತ್ರಿಗಳಿಗೆ ನಗೆಚಾಟಿಕೆಯಾಗಿತ್ತು, ಆದರೆ ಎಲ್ಲೂ ಹೊಂದದ ಕೆಲಸ ಬಂದಾಗ ಅವರೇ ಗಿರಾಕಿಯನ್ನು ಇತ್ತ ಕಳಿಸುತ್ತಿದ್ದರು. ಮನೆಯಲ್ಲಂತೂ ರಟ್ಟು ಎಂಬ ಪದಾರ್ಥ ಉಳಿಯುತ್ತಿರಲಿಲ್ಲ. ಮಗಳ ಷೂ ಪೆಟ್ಟಿಗೆ ಷೂ ಮನೆಗೆ ಬಂದ ದಿನವೇ ಮಾಯ. ಒಂದು ವರ್ಷವಂತೂ ಕ್ಯಾಲೆಂಡರಿನ ಬೆನ್ನಿನ ರಟ್ಟು ನಡುವರ್ಷದಲ್ಲೇ ಹೋಗಿ, ಮನೆಯವರು ಉಳಿದ ತಿಂಗಳುಗಳನ್ನು ಪರದೆಗೆ ಗುಂಡುಪಿನ್ನಿನಿಂದ ಚುಚ್ಚಿಕೊಂಡು ಕಳೆದಿದ್ದರು.

ಕತ್ತರಿಸಿದ ರಟ್ಟುಗಳನ್ನು ಅವನು ಎಸೆಯುತ್ತಲೂ ಇರಲಿಲ್ಲ. ಶೆಡ್ಡಿನ ಹಿಂಗೋಡೆಯ ತುಂಬ ಮೊಳೆ, ಮೊಳೆಯ ತುಂಬ ರಟ್ಟು. ಗಾಳಿ ಬೀಸಿದರೆ ಇಡೀ ಗೋಡೆ ಒಣಗಿದ ಎಲೆಗಳ ಮರದ ಹಾಗೆ ಪಿಸುಗುಟ್ಟುತ್ತಿತ್ತು. ಯಾರಾದರೂ ಅಳತೆ ಪ್ರಶ್ನಿಸಿದರೆ ಅವನು ಎದ್ದು ಹೋಗಿ, ಆ ರಟ್ಟನ್ನು ಇಳಿಸಿ, ಮುಂದೆ ಹಿಡಿಯುತ್ತಿದ್ದ. ಅಲ್ಲಿಗೆ ಮಾತು ಮುಗಿಯುತ್ತಿತ್ತು.

ಅಕ್ಕನ ಲಾರಿ ಹಳೆಯದು, ನಾಲ್ಕೂ ಚಕ್ರಗಳಿಂದ ಎಳೆಯುವಂಥದು. ಬೆಟ್ಟದ ಮೇಲೆ ವಿದ್ಯುತ್ ಗೋಪುರ ಎಬ್ಬಿಸುವ ಕೆಲಸಗಾರರನ್ನು ಹೊತ್ತು, ದಾರಿ ಎಂದು ಕರೆಯಲಾಗದ ದಾರಿಯಲ್ಲಿ, ಕಲ್ಲಿನಿಂದ ಕಲ್ಲಿಗೆ ಕಾಲಿಡುತ್ತ ಏರುತ್ತಿತ್ತು. ಒಂದು ಬೆಳಿಗ್ಗೆ ಏರಿನ ನಡುವೆ ಅದರ ಎಂಜಿನ್ ಸೀಳಿಕೊಂಡಿತು. ಎಂಜಿನ್ ನಿಂತರೆ ಆ ಗಾಡಿಯ ಬ್ರೇಕ್ ಅರ್ಧ ಸತ್ತ ಹಾಗೆ. ಲಾರಿ ಹಿಂದಕ್ಕೆ ಜಾರತೊಡಗಿದಾಗ ಜನ ಧುಮುಕಿದರು; ಯಾರೋ ಒಬ್ಬ ಮುದುಕ ಕೆಲಸಗಾರ ಓಡಿ ಬಂದು ಚಕ್ರದ ಹಿಂದೆ ಕಲ್ಲು ಕೊಟ್ಟ. ಅಕ್ಕ ಅದನ್ನು ಮನೆಗೆ ಬಂದವರಿಗೆಲ್ಲ ತಮಾಷೆಯಾಗಿ ಹೇಳಿದಳು. "ಬ್ರೇಕ್ ಮೇಲೆ ಎಷ್ಟು ಜೋರಾಗಿ ನಿಂತಿದ್ದೆ ಅಂದ್ರೆ, ಚಪ್ಪಲಿ ಅಲ್ಲೇ ಅಂಟ್ಕೊಂಡಿತ್ತು!" ಎಲ್ಲರೂ ನಕ್ಕರು. ನಗುತ್ತಲೇ ಅವಳು ಖಾಲಿ ಲೋಟವನ್ನು ಮತ್ತೆ ಮತ್ತೆ ಬಾಯಿಗೆ ಎತ್ತುತ್ತಿದ್ದುದನ್ನು ತಮ್ಮ ಕಂಡ. ಕಂಡು, ಎದ್ದು ಹೊರಗೆ ಹೋದ. ಮರುದಿನವೇ ಗುಜರಿಯಲ್ಲಿ ಎಂಜಿನ್ ಹುಡುಕತೊಡಗಿದ.

ಸಿಕ್ಕಿದ್ದು ಬಸ್ಸಿನ ಎಂಜಿನ್. ಮೈಯೆಲ್ಲ ತುಕ್ಕು ತಿಂದು ಮೂಲೆ ಸೇರಿದ್ದ ಬಸ್ಸು, ಎದೆ ಮಾತ್ರ ಗಟ್ಟಿ. ಆದರೆ ಬಸ್ಸಿನ ಹೊಟ್ಟೆಯೇ ಬೇರೆ, ಲಾರಿಯ ಹೊಟ್ಟೆಯೇ ಬೇರೆ. ಎಂಜಿನ್ನಿನ ಬೋಲ್ಟ್ ತೂತುಗಳು ಗೇರ್ ಬಾಕ್ಸಿನ ತೂತುಗಳಿಗೆ ಕೂಡಿಬರಲಿಲ್ಲ. ನಡುವೆ ಕೂರುವ ದಪ್ಪ ಕಬ್ಬಿಣದ ತಟ್ಟೆ ಮಾಡಬೇಕಾಯಿತು, ಷೂ ಪೆಟ್ಟಿಗೆ ಹೋದದ್ದು ಅದಕ್ಕೇ. ತಟ್ಟೆಯ ದಪ್ಪಕ್ಕೆ ಎಂಜಿನ್ ಮುಂದೆ ಬಂತು, ಫ್ಯಾನ್ ರೇಡಿಯೇಟರಿಗೆ ತಾಗಿತು. ರೇಡಿಯೇಟರ್ ಮುಂದೆ ಸರಿಸಿದರೆ ಹೊಗೆಯ ಪೈಪು ಸ್ಟಿಯರಿಂಗ್ ಸರಳಿನ ಮೇಲೆ ಒರಗಿತು. ಪೈಪನ್ನು ಭಾವ ಬಗ್ಗಿಸಿ ಬೆಸೆದು ಕೊಟ್ಟರೆ ಅದು ಬ್ಯಾಟರಿಯ ಮಗ್ಗುಲಿಗೆ ಬಂತು. ಹಾಸಿಗೆಯಲ್ಲಿ ಒಬ್ಬ ಹೊರಳಿದರೆ ಎಲ್ಲರೂ ಹೊರಳಬೇಕಾದ ಚಿಕ್ಕ ಮನೆಯ ಹಾಗೆ.

ಕೊನೆಗೆ ಉಳಿದದ್ದು ತಳ. ಎಂಜಿನ್ನಿನ ಅಡಿಯಲ್ಲಿ ಎಣ್ಣೆ ನಿಲ್ಲುವ ಚೇಂಬರ್ ಜೋತುಬಿದ್ದಿರುತ್ತದೆ. ಬಸ್ಸಿನಲ್ಲಿ ಅದರ ಕೆಳಗೆ ಬರೀ ರಸ್ತೆ. ಈ ಲಾರಿಯಲ್ಲಿ ಸರಿಯಾಗಿ ಅದರ ಕೆಳಗೇ ಮುಂದಿನ ಆಕ್ಸಲ್ಲು, ಅದರ ಮೇಲೆ ಗೇರುಗಳನ್ನು ತುಂಬಿಕೊಂಡ ಗುಂಡಗಿನ ಉಬ್ಬು. ಮೇಸ್ತ್ರಿ ಎಂಜಿನ್ನನ್ನು ಎತ್ತಬಹುದಾದಷ್ಟು ಎತ್ತಿ ಕೂರಿಸಿದ. ಇನ್ನೊಂದು ಕೂದಲೆಳೆ ಎತ್ತಿದ್ದರೆ ಬಾನೆಟ್ ಮುಚ್ಚುತ್ತಿರಲಿಲ್ಲ. ಆಮೇಲೆ ಚೇಂಬರಿಗೂ ಉಬ್ಬಿಗೂ ನಡುವೆ ಕೈ ತೂರಿಸಿದ. ನಾಲ್ಕು ಬೆರಳು ಅಡ್ಡಲಾಗಿ ಸಲೀಸಾಗಿ ಹೋದವು. ಆ ಸಂದಿಯ ಆಕಾರಕ್ಕೆ ರಟ್ಟನ್ನು ಕತ್ತರಿಸಿ, ತೂರಿಸಿ ತೆಗೆದು, ತೃಪ್ತಿಯಿಂದ ಮೊಳೆಗೆ ಸಿಕ್ಕಿಸಿದ್ದ.

ಆ ನಾಲ್ಕು ಬೆರಳು ಈಗ ಅವನನ್ನು ಊಟಕ್ಕೆ ಕೂರಗೊಡಲಿಲ್ಲ.

ಮನೆಯಲ್ಲಿ ಹೆಂಡತಿ ಹೊಲಿಗೆ ಮೆಷಿನ್ನಿನ ಮುಂದೆ ಕೂತು ಅಕ್ಕನ ಸೀಟಿಗೆ ಹೊಸ ಕವರು ಹೊಲಿಯುತ್ತಿದ್ದಳು. ಅವನು ತಟ್ಟೆ ಹಿಡಿದುಕೊಂಡೇ ಕಿಟಕಿಯ ಹತ್ತಿರ ಹೋದ, ಬಾಗಿಲಿಗೆ ಬಂದ, ಮತ್ತೆ ಕಿಟಕಿಗೆ ಹೋದ.

"ರೀ, ಕಾಲು ಸುಟ್ಟ ಬೆಕ್ಕಿನ ಥರ ಆಡ್ಬೇಡಿ. ಕೂತು ಎರಡು ತುತ್ತು ತಿನ್ನಿ."

"ಇದೇನು ನಿನ್ನ ಮೆಷಿನ್ನಲ್ಲಿ ಟಕ್ ಅಂತಿದೆ?"

"ದಪ್ಪ ಬಟ್ಟೆಗೆ ಸೂಜಿ ತಾಗಿದ್ರೆ ಟಕ್ ಅನ್ನತ್ತೆ. ಮದುವೆ ಆದಾಗಿಂದ ಅನ್ನತ್ತೆ. ಇವತ್ತು ಕೇಳಿಸ್ತಾ?"

"ಅತ್ತಿಂದ ಬಂದಿದ್ದು ಇತ್ತಿಂದ ಬಂದಿದ್ದಕ್ಕೆ ತಾಗ್ದೆ ಟಕ್ ಅನ್ನಲ್ಲ," ಎಂದು ಅವನು ತನ್ನಷ್ಟಕ್ಕೆ ಹೇಳಿಕೊಂಡ. ತಟ್ಟೆಯನ್ನು ಕಿಟಕಿಯ ಕಟ್ಟೆಯಲ್ಲೇ ಬಿಟ್ಟ. ಅಡುಗೆಮನೆಯಲ್ಲಿ ರಾತ್ರಿಗೆಂದು ನಾದಿ, ಒದ್ದೆ ಬಟ್ಟೆ ಮುಚ್ಚಿಟ್ಟಿದ್ದ ಹಿಟ್ಟಿನ ಉಂಡೆ ಕಾಣಿಸಿತು. ಒಂದು ಗಳಿಗೆ ನೋಡಿದ. ಬಟ್ಟೆ ಸಮೇತ ಎತ್ತಿಕೊಂಡು ಹಿಂದಿನ ಬಾಗಿಲಿನಿಂದ ಹೊರಬಿದ್ದ.

ಬೀದಿಯಲ್ಲಿ ಬಿಸಿಲು ಇನ್ನೂ ಇಳಿದಿರಲಿಲ್ಲ. ಬೀಗದಂಗಡಿಯವನು ಮಾತಾಡಿಸಿದ, ಉತ್ತರ ಕೊಟ್ಟೆನೋ ಇಲ್ಲವೋ ಅವನಿಗೇ ತಿಳಿಯಲಿಲ್ಲ. ಟೂಲ್ ಡಬ್ಬ ಆಗಿರಬಾರದಿತ್ತೇ. ಬೋಲ್ಟ್ ಒಂದು ಸಡಿಲವಾಗಿರಬಾರದೇ. ಬೋಲ್ಟ್ ಆದರೆ ಬಿಗಿ ಮಾಡಿದರೆ ಮುಗಿಯಿತು. ನಡೆಯುತ್ತ ನಡೆಯುತ್ತ ಅವನು ಗಾಡಿಯ ಪ್ರತಿಯೊಂದು ಬೋಲ್ಟನ್ನೂ ಮನಸ್ಸಿನಲ್ಲೇ ಬಿಗಿ ಮಾಡಿ ಮುಗಿಸಿದ್ದ, ಒಂದೂ ಸಡಿಲವಿರಲಿಲ್ಲ.

ಶೆಡ್ಡಿಗೆ ಬಂದವನೇ ಗೋಡೆಯಿಂದ ಆ ರಟ್ಟನ್ನು ಇಳಿಸಿ, ಬೀದಿಬದಿಯ ಲಾರಿಯ ಕೆಳಗೆ ಬೆನ್ನ ಮೇಲೆ ತೆವಳಿದ. ರಟ್ಟನ್ನು ಸಂದಿಗೆ ತೂರಿಸಿದ.

ಹೋಗಲಿಲ್ಲ.

ಬೇರೆ ರಟ್ಟು ತಂದೆನೇ ಎಂದು ತಿರುಗಿಸಿ ನೋಡಿದ. ಅದೇ ರಟ್ಟು, ಅಂಚಿನಲ್ಲಿ ತನ್ನದೇ ಹೆಬ್ಬೆರಳಿನ ಗ್ರೀಸು. ಇನ್ನೊಮ್ಮೆ ತೂರಿಸಿದ. ರಟ್ಟು ಬಾಗಿತು, ಒಳಗೆ ಹೋಗಲಿಲ್ಲ. ಕೈ ಹಾಕಿದ. ಎರಡು ಬೆರಳು, ಅದೂ ಇಕ್ಕಟ್ಟು.

ಅವನು ಅಲ್ಲೇ ಮಲಗಿದ್ದ. ಕಿವಿಯ ಪಕ್ಕದಲ್ಲಿ ದಾರಿಹೋಕರ ಚಪ್ಪಲಿಗಳು ಸರಿದುಹೋಗುತ್ತಿದ್ದವು. ಆಗ ನೆನಪಾಯಿತು. ರಟ್ಟು ಕತ್ತರಿಸಿದ ದಿನ ಲಾರಿ ಮರದ ದಿಮ್ಮಿಗಳ ಮೇಲಿತ್ತು. ಚಕ್ರ ಬಿಚ್ಚಿತ್ತು. ಆಕ್ಸಲ್ಲು ಸ್ಪ್ರಿಂಗ್ ಪಟ್ಟಿಗಳಿಂದ ಕೆಳಕ್ಕೆ ನೇತಾಡುತ್ತಿತ್ತು. ಚಕ್ರ ಹಾಕಿ ನೆಲಕ್ಕಿಳಿಸಿದರೆ ಲಾರಿಯ ಭಾರಕ್ಕೆ ಸ್ಪ್ರಿಂಗ್ ಕುಗ್ಗುತ್ತದೆ, ಆಕ್ಸಲ್ಲು ಮೇಲೆ ಬರುತ್ತದೆ. ಇದು ಈ ಕಸಬಿಗೆ ಬಂದ ಮೊದಲ ವಾರವೇ ಕಲಿಯುವ ವಿಷಯ. ಇಳಿಸಿದ ಮೇಲೆ ಮತ್ತೊಮ್ಮೆ ಅಳೆಯಬೇಕಿತ್ತು. ಅಳೆಯಲಿಲ್ಲ. ಯಾಕೆಂದರೆ ಗೋಡೆಯ ಮೇಲೆ ರಟ್ಟಿತ್ತು. ಬೇರೆ ಯಾವ ಮೇಸ್ತ್ರಿಯಾದರೂ ಕೈ ಹಾಕಿ ನೋಡುತ್ತಿದ್ದ. ರಟ್ಟು ಇದ್ದವನು ಮಾತ್ರ ನೋಡದೇ ಇರಬಲ್ಲ.

ಭಾವ ಬಗ್ಗಿ ಇಣುಕಿದ. "ಏನಪ್ಪಾ, ಅಲ್ಲೇ ಹಾಸಿಗೆ ಹಾಕ್ಬಿಟ್ಟೆಯಾ?"

"ಭಾವ, ಗಾಡಿ ಸ್ವಲ್ಪ ಓಡಿಸ್ಬೇಕು. ಚಪ್ಪಡಿ ಮೇಲೆ."

ಮೇಸ್ತ್ರಿ ಒದ್ದೆ ಬಟ್ಟೆ ಬಿಚ್ಚಿ, ಹಿಟ್ಟನ್ನು ಮುಷ್ಟಿಯಷ್ಟು ಮುರಿದು ಆಕ್ಸಲ್ಲಿನ ಉಬ್ಬಿನ ಮೇಲೆ ಒತ್ತಿ ಕೂರಿಸುವುದನ್ನು ಭಾವ ಬಾಯಿ ತೆರೆದು ನೋಡಿದ. "ಎಂಜಿನ್ನಿಗೂ ಊಟ ಬಡಿಸ್ತಿದೀಯಾ? ನನಗೆ ಮಧ್ಯಾಹ್ನ ಒಂದು ಲೋಟ ನೀರೂ ಕೇಳ್ಲಿಲ್ಲ ನೀನು."

"ಎಡಚಕ್ರ ಮಾತ್ರ ಹತ್ತಿಸಿ. ಮೆಲ್ಲಗೆ."

ಭಾವ ಹತ್ತಿಸಿದ. ಚಕ್ರ ಚಪ್ಪಡಿಯ ಅಂಚನ್ನು ಏರಿತು, ಧೊಪ್ಪನೆ ಇಳಿಯಿತು. ಈ ಸಲ ಟಕ್ ಎನ್ನಲಿಲ್ಲ, ಹಿಟ್ಟು ಸದ್ದನ್ನು ನುಂಗಿತ್ತು. ಮೇಸ್ತ್ರಿ ಮತ್ತೆ ತೆವಳಿ ಹೋಗಿ, ಹಿಟ್ಟನ್ನು ಉಗುರಿನಿಂದ ಬಿಡಿಸಿ ತಂದು, ಬೆಳಕಿಗೆ ಹಿಡಿದ. ಅಂಚುಗಳು ದಪ್ಪ, ನಡುವೆ ಈರುಳ್ಳಿ ಪೊರೆ. ಪೊರೆಯ ಮಧ್ಯೆ ಒಂದು ತೂತು. ತೂತಿನೊಳಗಿಂದ ಎದುರುಗಡೆಯ ಅಂಗಡಿ ಕಾಣುತ್ತಿತ್ತು.

"ಖಾಲಿ ಗಾಡಿ ಇದು ಭಾವ," ಎಂದ. "ಹತ್ತಿದ್ದು ಒಂದೇ ಚಪ್ಪಡಿ."

ಭಾವ ತಲೆ ಕೆರೆದುಕೊಂಡ. ಅವನು ಕೆಟ್ಟವನಲ್ಲ, ಕಷ್ಟ ಬಂದಾಗ ಅದನ್ನು ಸ್ವಲ್ಪ ಮುಂದಕ್ಕೆ ತಳ್ಳಿ ಕೂರುವುದು ಅವನ ಸ್ವಭಾವ. "ನೋಡು, ತಾಗಿದೆ, ಒಡೆದಿಲ್ಲ. ನಾಳೆ ಒಂದಿನ ಹೋಗ್ಲಿ. ಮೆಲ್ಲಗೆ ಓಡ್ಸು ಅನ್ನೋಣ. ಆಮೇಲೆ ಬಿಚ್ಚಿ ಸರಿಮಾಡು. ಈಗ ಇದನ್ನ ನಿಮ್ಮಕ್ಕನಿಗೆ ಹೇಳಿದ್ರೆ ರಂಪ ಆಗತ್ತೆ. ಹೇಳದೇ ಇದ್ರೆ ಯಾರಿಗೂ ಗೊತ್ತಾಗಲ್ಲ."

ಮೇಸ್ತ್ರಿ ಶೆಡ್ಡಿನೊಳಗೆ ಹೋದ, ಹೊರಗೆ ಬಂದ. ಸ್ಪ್ಯಾನರ್ ಎತ್ತಿಕೊಂಡ, ಇಟ್ಟ. ಒಂದು ದಿನ. ಒಂದೇ ದಿನ ಚೇಂಬರ್ ತಡೆದೀತು. ತಡೆಯದೆಯೂ ಇರಬಹುದು. ಏರಿನ ನಡುವೆ ಚೇಂಬರ್ ಸೀಳಿದರೆ ಎಣ್ಣೆಯೆಲ್ಲ ದಾರಿಪಾಲು. ಎಣ್ಣೆಯಿಲ್ಲದ ಎಂಜಿನ್ ಬಿಗಿದುಕೊಂಡು ನಿಲ್ಲುತ್ತದೆ. ಬ್ರೇಕ್ ಅರ್ಧ ಸಾಯುತ್ತದೆ. ಆ ಮುದುಕ ಎರಡನೇ ಸಲವೂ ಕಲ್ಲಿನ ಪಕ್ಕದಲ್ಲೇ ಇರುತ್ತಾನೆಯೇ? ಖಾಲಿ ಲೋಟ ಎತ್ತುತ್ತಿದ್ದ ಅಕ್ಕ ಅವನ ಕಣ್ಣ ಮುಂದೆ ಬಂದಳು. ಹಿಟ್ಟಿನ ಚೂರು ಅವನ ಅಂಗೈಯಲ್ಲಿ ಒಣಗತೊಡಗಿತ್ತು.

ಅಷ್ಟರಲ್ಲಿ ಬೀದಿಯ ತಿರುವಿನಲ್ಲಿ ಅಕ್ಕನ ಧ್ವನಿ. ಅವಳು ಎಲ್ಲಿಗೆ ಬಂದರೂ ಧ್ವನಿ ಮೊದಲು ಬರುತ್ತಿತ್ತು. ಜೊತೆಗೆ, ಸೀಟಿನ ಕವರನ್ನು ಒಂದು ರಟ್ಟಿನ ಮೇಲೆ ಮಡಚಿ ಹೊತ್ತ ಮೇಸ್ತ್ರಿಯ ಹೆಂಡತಿ.

"ಎಲ್ರೀ ಹಿಟ್ಟು?" ಎಂದಳು ಹೆಂಡತಿ ಮೊದಲಿಗೇ. "ಬೆಕ್ಕು ಹೊತ್ಕೊಂಡು ಹೋಯ್ತು ಅಂತ ಪಕ್ಕದ ಮನೆ ಬೆಕ್ಕಿಗೆ ಬೈದು ಬಂದೆ."

ಅವನು ಅಂಗೈ ಬಿಚ್ಚಿ ತೋರಿಸಿದ. ಗ್ರೀಸು ಮೆತ್ತಿದ, ತೂತುಬಿದ್ದ ಚೂರು.

"ಅತ್ತಿಗೆ, ನೋಡಿ ನಿಮ್ಮ ತಮ್ಮನ್ನ," ಎಂದು ಅವಳು ನಗಲು ಹೊರಟು, ಅವನ ಮುಖ ನೋಡಿ ನಿಲ್ಲಿಸಿದಳು.

"ಅಕ್ಕ," ಎಂದ ಮೇಸ್ತ್ರಿ. "ನಾಳೆ ಗಾಡಿ ಬೇಡ."

"ಏನಂದೆ?"

"ಚೇಂಬರ್ ಆಕ್ಸಲ್ಲಿಗೆ ತಾಗ್ತಿದೆ. ಟಕ್ ಅಂದಿದ್ದು ಅದೇ."

"ಬೆಳಿಗ್ಗೆ ಎಲ್ಲಾ ಸರಿ ಇದೆ ಅಂತಾನೇ ಅಲ್ವಾ ನನ್ನ ಸ್ಟಿಯರಿಂಗ್ ಮುಂದೆ ಕೂರಿಸಿದ್ದು?"

"ಹೌದು."

"ಈಗ ಕೆಟ್ಟೋಯ್ತಾ?"

"ಕೆಟ್ಟಿಲ್ಲ. ಮೊದಲಿಂದಾನೂ ಸರಿ ಇರ್ಲಿಲ್ಲ. ಚಕ್ರ ನೇತಾಡ್ತಿದ್ದಾಗ ಅಳತೆ ತಗೊಂಡೆ. ಇಳಿಸಿದ್ಮೇಲೆ ನೋಡ್ಲಿಲ್ಲ. ನನ್ನದೇ ಎಡವಟ್ಟು." ಅವನು ಕೈಯಲ್ಲಿದ್ದ ರಟ್ಟನ್ನು ಅವಳ ಮುಂದೆ ಹಿಡಿದ, ಯಾವಾಗಲೂ ಹಿಡಿಯುವ ಹಾಗೆಯೇ. "ಇದು ಹೋಗಲ್ಲ ಒಳಗೆ."

ಅಕ್ಕ ರಟ್ಟನ್ನು ನೋಡಲಿಲ್ಲ. "ಆ ಮೇಲ್ವಿಚಾರಕ ಏನಂದ ಗೊತ್ತಾ? ನೀವು ಬರ್ದಿದ್ರೆ ಚಿಂತೆ ಇಲ್ಲಮ್ಮ, ಇನ್ನೊಂದು ಗಾಡಿ ಕಾಯ್ತಾ ಇದೆ, ನಾಳೆಯಿಂದ ಅವನೇ ಬರ್ತಾನೆ ಅಂದ. ನಾನೇನಂದೆ ಗೊತ್ತಾ? ಅದು ನನ್ನ ತಮ್ಮ ಕೂರಿಸಿದ ಎಂಜಿನ್ನು, ನೀನು ಗೇಟು ತೆಗೆಯೋಕೆ ಮುಂಚೆ ಅಲ್ಲಿರತ್ತೆ ಅಂದೆ." ಅವಳ ಧ್ವನಿ ಒಡೆಯಿತು, ಒಡೆದದ್ದಕ್ಕೆ ಅವಳಿಗೆ ಇನ್ನಷ್ಟು ಸಿಟ್ಟು ಬಂತು. "ಕೀ ಕೊಡು."

"ಕೊಡಲ್ಲ."

"ಗಾಡಿ ನಂದು ಕಣೋ!"

"ಗಾಡಿ ನಿಂದು. ಅಳತೆ ನಂದು."

ಭಾವ ತನ್ನ ರಬ್ಬರ್ ದಿಂಡಿನ ಮೇಲೆ ಹೋಗಿ ಕೂತ. "ನಾನು ಆಗ್ಲೇ ಅಂದೆ, ರಂಪ ಆಗತ್ತೆ ಅಂತ."

"ಸುಮ್ನಿರಿ ನೀವು. ನಿಮಗೂ ಗೊತ್ತಿತ್ತಾ? ಗೊತ್ತಿದ್ದೂ ಬಾಯಿಗೆ ಬೀಗ ಹಾಕ್ಕೊಂಡಿದ್ರಾ?"

ಭಾವ ಮುಖದ ಕವಚವನ್ನು ಮೆಲ್ಲಗೆ ಕೆಳಗಿಳಿಸಿಕೊಂಡ. ಹೆಂಡತಿ ಸೀಟಿನ ಕವರನ್ನು ಎದೆಗವಚಿಕೊಂಡು ಅತ್ತ ಇತ್ತ ನೋಡಿದಳು. ಅಕ್ಕ ಲಾರಿಯ ಚಕ್ರಕ್ಕೆ ಬೆನ್ನು ಕೊಟ್ಟು ನಿಂತಳು. ಸಿಟ್ಟು ಇಳಿದಿರಲಿಲ್ಲ, ಆದರೆ ಮಾತು ಬೇರೆ ಕಡೆ ಹರಿಯತೊಡಗಿತ್ತು, ಅತ್ತು ಮುಗಿಸಿದವರ ಮಾತಿನ ಹಾಗೆ.

"ಹಳೇ ಎಂಜಿನ್ ಇದ್ದಾಗ ಇಂಥ ರಗಳೆ ಇರ್ಲಿಲ್ಲ. ನಾನು ಹೊಸದಾಗಿ ಓಡಿಸೋವಾಗ ಕಲ್ಲು ಹತ್ತಿಸಿದ್ರೆ ಕೆಳಗಿಂದ ಢಂ ಅಂತ ಒಂದು ಏಟು ಬೀಳ್ತಿತ್ತು, ಹಲ್ಲು ಹಲ್ಲಿಗೆ ಹೊಡ್ಕೊಳ್ಳೋದು. ಹಿಂದೆ ಕೂತೋರೆಲ್ಲ ಶಾಪ ಹಾಕೋರು. ಆಮೇಲೆ ಯಾವಾಗ್ಲೋ ಅದು ನಿಂತೋಯ್ತು. ಎಷ್ಟೇ ದೊಡ್ಡ ಕಲ್ಲಾದ್ರೂ ಮೆತ್ತಗೆ. ನನ್ನ ಕೈ ಪಳಗ್ತು ಅಂತ ಎಷ್ಟು ಹೆಮ್ಮೆಪಟ್ಟಿದ್ದೆ ಗೊತ್ತಾ ನಾನು..."

ಮೇಸ್ತ್ರಿಯ ತಲೆ ಎದ್ದಿತು.

"ಎಲ್ಲಿಂದ ಬೀಳ್ತಿತ್ತು ಏಟು?"

"ಕೆಳಗಿಂದ. ಚಕ್ರದ ಮಗ್ಗುಲಿಂದ. ಯಾಕೆ?"

ಅವನು ಆಗಲೇ ಮೊಣಕಾಲೂರಿ ಬಗ್ಗಿದ್ದ. ಆಕ್ಸಲ್ಲಿನ ನೇರ ಮೇಲೆ, ಲಾರಿಯ ಉದ್ದನೆಯ ತೊಲೆಗಳ ಅಡಿಯಲ್ಲಿ, ಎಡಕ್ಕೊಂದು ಬಲಕ್ಕೊಂದು ತುಕ್ಕು ಹಿಡಿದ ಕಬ್ಬಿಣದ ಬಟ್ಟಲುಗಳಿದ್ದವು. ಇಷ್ಟು ದಿನ ಅವನ ಕೈ ಅವುಗಳ ಪಕ್ಕದಲ್ಲೇ ಓಡಾಡಿತ್ತು. ಒಂದು ಕಾಲದಲ್ಲಿ ಅವುಗಳಲ್ಲಿ ರಬ್ಬರ್ ಗಟ್ಟಿಗಳು ಇದ್ದಿರಬೇಕು. ಆಕ್ಸಲ್ಲು ಮೇಲೇರಿ ಬಂದಾಗ ಅದಕ್ಕೆ ತಲೆಕೊಟ್ಟು, ಇಲ್ಲಿಗೆ ಸಾಕು ಎಂದು ತಡೆಯುತ್ತಿದ್ದ ಗಟ್ಟಿಗಳು. ಢಂ ಎಂದದ್ದು ಅವು. ಒಣಗಿ ಬಿರುಕುಬಿಟ್ಟು ಬೆಟ್ಟದ ಯಾವ ತಿರುವಿನಲ್ಲಿ ಉದುರಿಹೋದವೋ, ಯಾರೂ ಹುಡುಕಿರಲಿಲ್ಲ. ಎಂಜಿನ್ ಮೇಲೆತ್ತಲು ಜಾಗವಿಲ್ಲ, ಸರಿ. ಆಕ್ಸಲ್ಲನ್ನು ಅಷ್ಟು ಮೇಲೆ ಬರಗೊಡದಿದ್ದರೆ? ಗಟ್ಟಿ ಮೊದಲಿಗಿಂತ ಎರಡು ಬೆರಳು ಎತ್ತರವಾದರೆ? ಹಲ್ಲು ಹಲ್ಲಿಗೆ ಹೊಡೆದುಕೊಳ್ಳಲಿ. ಜನ ಶಾಪ ಹಾಕಲಿ.

ಅವನು ಎದ್ದು ನಿಂತ. ಕಣ್ಣು ಭಾವನ ಮೇಲೆ, ಅಲ್ಲ, ಭಾವ ಕೂತದ್ದರ ಮೇಲೆ ನಿಂತಿತು.

"ಭಾವ, ಸ್ವಲ್ಪ ಏಳಿ."

"ಯಾಕೆ? ಇದ್ಯಾಕೆ? ಲೋ, ಇದೊಂದನ್ನ ಬಿಡು, ನನ್ನ ಸೊಂಟ ನಿಂತಿರೋದೇ ಇದರ ಮೇಲೆ!"

"ಏನಾಯ್ತೋ?" ಎಂದಳು ಅಕ್ಕ. "ಏನ್ ಸಿಕ್ತು? ಬಾಯಿಬಿಟ್ಟು ಹೇಳೋ. ನಾಳೆ ನಾನು ಆ ಗೇಟಿಗೆ ಗಾಡಿ ತಗೊಂಡು ಹೋಗ್ಬೇಕಾ, ಬರೀ ಮುಖ ತಗೊಂಡು ಹೋಗ್ಬೇಕಾ, ಅಷ್ಟಾದ್ರೂ..."

ರಬ್ಬರ್ ದಿಂಡನ್ನು ಕಂಕುಳಿಗೆ ಸೇರಿಸಿಕೊಂಡು ಅವನು ಹೊರಟಿದ್ದ. ದಾರಿಯಲ್ಲಿ ಹೆಂಡತಿಯ ಕೈಯಲ್ಲಿದ್ದ ಕವರಿನ ಕೆಳಗಿನ ರಟ್ಟನ್ನು ಎಳೆದುಕೊಂಡ. ಅವಳು ಅದಕ್ಕೇ ಕಾದಿದ್ದವಳಂತೆ ಸಡಿಲ ಬಿಟ್ಟಳು. ಅಕ್ಕ ಇನ್ನೂ ಮಾತಾಡುತ್ತಲೇ ಇದ್ದಳು. ಅವನು ಲಾರಿಯನ್ನು ಸುತ್ತುಹಾಕಿ ಹೋಗುತ್ತ, ಮುಂದಿನ ಎಡಚಕ್ರ ನೆಲದ ಮೇಲೆಯೇ ಇದೆಯೇ ಎಂದು ಕಾಲಿನಿಂದ ಒಮ್ಮೆ ಒದ್ದು ನೋಡಿದ, ಆಮೇಲೆ ಬಲಚಕ್ರದ ಕಡೆಗೆ ನಡೆದ.